ಲೈಸೆನ್ಸ್ ಪ್ರಶ್ನೆಗೆ ಬಾಗಿಲು ಹಾಕಬೇಕೇ?

— ನಮ್ಮ ಪ್ರಶ್ನೋತ್ತರ ತಾಣದಲ್ಲಿ ತಂತ್ರಾಂಶದ ಲೈಸೆನ್ಸ್ ಬಗ್ಗೆ ಯಾರಾದರೂ ಕೇಳಿದ ಕೂಡಲೇ ನೀವು ಆ ಪ್ರಶ್ನೆಯನ್ನು ಮುಚ್ಚಿಬಿಡುತ್ತೀರಿ. 'ಇದು ಪ್ರೋಗ್ರಾಮಿಂಗ್ ಪ್ರಶ್ನೆಯಲ್ಲ, ವಕೀಲರನ್ನು ಕೇಳಿ' ಎಂಬ ಒಂದೇ ಸಾಲು ಬರೆದು ಮುಗಿಸುತ್ತೀರಿ. ಇದರಿಂದ ಯಾರಿಗೆ ಒಳ್ಳೆಯದಾಯಿತು ಅಂತ ನನಗೆ ತಿಳಿಯುವುದಿಲ್ಲ.

— ಕೇಳಿದವನಿಗೇ ಒಳ್ಳೆಯದಾಯಿತು. ತಪ್ಪು ಉತ್ತರ ನಂಬಿ ಕೆಡುವುದು ತಪ್ಪಿತು. ನೋಡಿ, ಕೋಡ್ ತಪ್ಪಿದ್ದರೆ ಓಡಿಸಿದ ತಕ್ಷಣ ಗೊತ್ತಾಗುತ್ತದೆ. ಕಂಪೈಲರ್ ತಕರಾರು ಮಾಡುತ್ತದೆ, ಟೆಸ್ಟ್ ಬೀಳುತ್ತದೆ. ಲೈಸೆನ್ಸ್ ಬಗ್ಗೆ ಹೇಳಿದ ತಪ್ಪಿಗೆ ಅಂಥ ಪರೀಕ್ಷೆ ಇಲ್ಲ. ಅದು ವರ್ಷಗಟ್ಟಲೆ ಸುಮ್ಮನೆ ಕೂತಿದ್ದು, ಕಂಪನಿಯನ್ನು ಕೊಳ್ಳಲು ಬಂದವರು ಕೋಡ್ ತಪಾಸಣೆ ಮಾಡಿಸಿದ ದಿನ ಮೇಲೆ ಬರುತ್ತದೆ. ನಮ್ಮ ತಾಂತ್ರಿಕ ಸಮುದಾಯಗಳಲ್ಲಿ ಒಳ್ಳೆಯ ಉತ್ತರ ಮೇಲಕ್ಕೆ ಬರುವುದು ಓದುಗರ ಮತಗಳಿಂದ. ಮತ ಹಾಕುವವರು ಆ ಕೋಡನ್ನು ಓಡಿಸಿ ನೋಡಿರುತ್ತಾರೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಲೈಸೆನ್ಸ್ ಉತ್ತರಕ್ಕೆ ಮತ ಹಾಕುವವರು ಏನನ್ನು ಓಡಿಸಿ ನೋಡಿರುತ್ತಾರೆ ಹೇಳಿ? ತಮಗೆ ಬೇಕಾದ ಉತ್ತರ ಕಂಡರೆ ಒತ್ತುತ್ತಾರೆ, ಅಷ್ಟೆ.

— ಆ ಮಾತು ಖಂಡಿತ ನಿಜ. ಆದರೆ ಮುಚ್ಚಿದ ಪ್ರಶ್ನೆ ಮುಂದೆ ಏನಾಯಿತು ಅಂತ ಯೋಚಿಸಿದ್ದೀರಾ? ಕೇಳಿದವನು ವಕೀಲರ ಹತ್ತಿರ ಹೋಗುವುದಿಲ್ಲ. ಅವನದು ಮೂರು ಜನರ ತಂಡ, ಸೋಮವಾರ ಗ್ರಾಹಕರಿಗೆ ತೋರಿಸಬೇಕು. ಲೈಬ್ರರಿ ಹಾಕಿಕೊಂಡು ಕೆಲಸ ಮುಗಿಸುತ್ತಾನೆ. ಅನುಮಾನ ಬಂದು ಕೇಳಿದವನ ಪಾಡೇ ಹೀಗೆ, ಇನ್ನು ಅನುಮಾನವೇ ಬಾರದವರ ಮಾತು ಬಿಡಿ. ಎನ್‌ಪಿಎಂ ಇನ್‌ಸ್ಟಾಲ್ ಅಂತ ಒಂದು ಸಲ ಟೈಪ್ ಮಾಡಿದರೆ, ಕೇಳಿದ ಒಂದು ಪ್ಯಾಕೇಜಿನ ಬೆನ್ನಿಗೆ ನೂರಾರು ಬಂದು ಕೂರುತ್ತವೆ. ಒಂದೊಂದಕ್ಕೂ ಅದರದೇ ಲೈಸೆನ್ಸ್. ಆ ಆಜ್ಞೆ ಕೊಟ್ಟ ಗಳಿಗೆಯಲ್ಲೇ ತೀರ್ಮಾನ ಆಗಿಹೋಗುತ್ತದೆ. ಆಗ ಪಕ್ಕದಲ್ಲಿ ವಕೀಲರು ಇರುವುದಿಲ್ಲ, ಇರುವವರು ನಾವು. ಆ ಆಜ್ಞೆ ಹೇಳಿಕೊಟ್ಟವರೂ ನಾವೇ. ಪ್ಯಾಕೇಜ್ ಹೇಗೆ ಹಾಕಿಕೊಳ್ಳಬೇಕು ಅಂತ ಹೇಳಿಕೊಟ್ಟವರಿಗೆ ಅದರ ಜತೆ ಬಂದ ಷರತ್ತು ಏನೆಂದು ಹೇಳುವ ಹೊಣೆಯೂ ಇದೆ. ನಾನು ಹೇಳುತ್ತಿರುವುದು ಇಷ್ಟೇ.

— ಹೊಣೆ ಅಂದಿರಿ. ಉತ್ತರ ಬರೆದವನ ಹೊಣೆ ಎಷ್ಟು? ನಾಳೆ ಏನಾದರೂ ಆದರೆ ಅವನನ್ನು ಎಲ್ಲಿ ಹುಡುಕುತ್ತೀರಿ? ನಮ್ಮಲ್ಲಿ 1961ರ ವಕೀಲರ ಕಾಯಿದೆ ಇದೆ. ವಕೀಲಿ ವೃತ್ತಿ ಅಂದರೆ ಕೋರ್ಟಿನಲ್ಲಿ ನಿಂತು ವಾದಿಸುವುದಷ್ಟೇ ಅಲ್ಲ, ಕಾನೂನಿನ ಬಗ್ಗೆ ಅಭಿಪ್ರಾಯ ಕೊಡುವುದೂ ಅದರಲ್ಲಿ ಸೇರುತ್ತದೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಮೆರಿಕದಲ್ಲೂ ಪರವಾನಗಿ ಇಲ್ಲದೆ ಕಾನೂನು ಸಲಹೆ ಕೊಡುವುದಕ್ಕೆ ನಿರ್ಬಂಧವಿದೆ. 'ನಾನು ವಕೀಲನಲ್ಲ' ಅಂತ ಮೊದಲ ಸಾಲಿನಲ್ಲಿ ಬರೆದು, ಎರಡನೆಯ ಸಾಲಿನಿಂದ ವಕೀಲರ ಹಾಗೆಯೇ ಮಾತಾಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

— ಔಷಧಿ ಅಂಗಡಿಯವರು ವೈದ್ಯರಲ್ಲ. ಆದರೂ ಚೀಟಿ ಓದಿ, ಇದು ಊಟಕ್ಕೆ ಮೊದಲು, ಇದು ಊಟವಾದ ಮೇಲೆ ಅಂತ ಹೇಳಿಯೇ ಕಳಿಸುತ್ತಾರೆ. ಕಾಯಿಲೆ ಏನೆಂದು ಅವರು ಹೇಳಬಾರದು, ನಿಜ. ಬಾಟಲಿಯ ಮೇಲೆ ಬರೆದದ್ದನ್ನೂ ಓದಿ ಹೇಳಬಾರದು ಅಂದರೆ ಹೇಗೆ? ಎಂಐಟಿ ಲೈಸೆನ್ಸ್ ಹಾಕಿದ ಕೋಡನ್ನು ಮಾರುವ ಉತ್ಪನ್ನದಲ್ಲಿ ಬಳಸಬಹುದೇ ಅಂತ ಒಬ್ಬ ವಿದ್ಯಾರ್ಥಿ ಕೇಳುತ್ತಾನೆ. ಬಳಸಬಹುದು, ಮಾರಲೂಬಹುದು, ಆದರೆ ಕೃತಿಸ್ವಾಮ್ಯದ ಸಾಲನ್ನೂ ಅನುಮತಿಯ ಸಾಲುಗಳನ್ನೂ ತೆಗೆಯದೆ ಜತೆಗೇ ಇಡಬೇಕು ಅಂತ ಆ ಲೈಸೆನ್ಸಿನಲ್ಲೇ ಬರೆದಿದೆ. ಇಡೀ ಲೈಸೆನ್ಸ್ ಒಂದು ಪುಟ ತುಂಬುವುದಿಲ್ಲ. ಗಿಟ್‌ಹಬ್‌ನಲ್ಲಿ ಲೈಸೆನ್ಸೇ ಇಲ್ಲದ ಕೋಡ್ ಸಿಕ್ಕಿತು, ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರಲ್ಲ, ತೆಗೆದುಕೊಳ್ಳಬಹುದೇ ಅಂತ ಇನ್ನೊಬ್ಬಳು ಕೇಳುತ್ತಾಳೆ. ಲೈಸೆನ್ಸ್ ಇಲ್ಲ ಅಂದರೆ ಎಲ್ಲ ಹಕ್ಕೂ ಬರೆದವರದು. ಗಿಟ್‌ಹಬ್‌ನ ನಿಯಮದ ಪ್ರಕಾರ ನೋಡಬಹುದು, ಅಲ್ಲೇ ಫೋರ್ಕ್ ಮಾಡಬಹುದು, ತನ್ನ ಪ್ರಾಜೆಕ್ಟಿಗೆ ಎತ್ತಿಕೊಂಡು ಹೋಗುವಂತಿಲ್ಲ. ಇಷ್ಟು ಹೇಳಲು ಕಪ್ಪು ಕೋಟು ಬೇಕೇ?

— ಸುಲಭದ ಪ್ರಶ್ನೆ ಆರಿಸಿಕೊಂಡಿರಿ. ನಾನು ಕಷ್ಟದ್ದನ್ನು ಹೇಳುತ್ತೇನೆ. ಬರ್ಕ್ಲಿಯ ಭೌತಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಜೇಕಬ್‌ಸನ್ ಮತ್ತು ಗೆಳೆಯರು ಆಟದ ರೈಲುಗಳನ್ನು ಕಂಪ್ಯೂಟರಿನಿಂದ ನಡೆಸುವ ತಂತ್ರಾಂಶ ಬರೆದು, ಆರ್ಟಿಸ್ಟಿಕ್ ಲೈಸೆನ್ಸ್ ಅಡಿಯಲ್ಲಿ ಎಲ್ಲರಿಗೂ ಬಿಟ್ಟರು. ಅದೇ ವ್ಯಾಪಾರದಲ್ಲಿದ್ದ ಒಂದು ಕಂಪನಿ ಅದರ ಫೈಲುಗಳನ್ನು ಎತ್ತಿಕೊಂಡಿತು, ಬರೆದವರ ಹೆಸರನ್ನು ಬಿಟ್ಟಿತು. ಜೇಕಬ್‌ಸನ್ ಕೋರ್ಟಿಗೆ ಹೋದರು. ಲೈಸೆನ್ಸಿನ ಷರತ್ತು ಮುರಿದದ್ದು ಬರೀ ಕರಾರು ಮುರಿದ ಹಾಗೆ, ಕೃತಿಸ್ವಾಮ್ಯದ ಉಲ್ಲಂಘನೆ ಅಂತ ತಡೆಯಾಜ್ಞೆ ಕೊಡಲು ಬರುವುದಿಲ್ಲ ಅಂತ 2007ರಲ್ಲಿ ಕೆಳಗಿನ ಕೋರ್ಟ್ ಹೇಳಿತು. 2008ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಳ್ಳಿಹಾಕಿತು. ಹಕ್ಕು ಕೊಟ್ಟಿರುವುದೇ ಷರತ್ತಿನ ಮೇಲೆ, ಷರತ್ತು ಮೀರಿದರೆ ಹಕ್ಕೇ ಇಲ್ಲ ಅಂದಿತು. ಒಂದೇ ಪಠ್ಯವನ್ನು ಓದಿದ ನ್ಯಾಯಾಧೀಶರೇ ಎರಡು ಥರ ಹೇಳಿದರು. ಅದನ್ನು ನಾವು ಸಂಜೆ ಹೊತ್ತು ಬಿಡುವಿನಲ್ಲಿ ಕೂತು ತೀರ್ಮಾನಿಸುತ್ತೇವೆ ಅನ್ನುತ್ತೀರಾ?

— ತೀರ್ಮಾನಿಸುವುದು ಬೇಡ. ಆದರೆ ಈ ಕತೆಯಲ್ಲಿ ನನಗೆ ಬೇರೆ ಒಂದು ಸಂಗತಿ ಕಾಣುತ್ತದೆ. ರೈಲಿನ ಹವ್ಯಾಸಿಗಳು ತಮ್ಮ ಫೈಲುಗಳಿಗೆ ಹಾಕಿದ ಲೈಸೆನ್ಸನ್ನು ಓದಿ ಅರ್ಥಮಾಡಿಕೊಂಡಿದ್ದರು. ಹೆಸರು ಬಿಟ್ಟದ್ದು ಅನ್ಯಾಯ ಅಂತ ಅವರಿಗೆ ಅನಿಸಿದ್ದು ಅದರಿಂದಲೇ. ಓದಬೇಡಿ, ಕೇಳಬೇಡಿ, ಅದು ನಿಮ್ಮ ಕೆಲಸವಲ್ಲ ಅಂತ ಹೇಳಿಸಿಕೊಂಡು ಬೆಳೆದವರಾಗಿದ್ದರೆ ವಕೀಲರ ಬಾಗಿಲಿಗೂ ಹೋಗುತ್ತಿರಲಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಲಿಂಕ್‌ಸಿಸ್ ರೂಟರಿನದ್ದು ಇದೆ. ನೀಲಿ ಕಪ್ಪು ಡಬ್ಬಿ, ಎರಡು ಆಂಟೆನಾ, ಡಬ್ಲ್ಯೂಆರ್‌ಟಿ54ಜಿ ಅಂತ ಹೆಸರು. 2003ರ ಜೂನ್‌ನಲ್ಲಿ ಲಿನಕ್ಸ್ ಕರ್ನಲ್ ಬರೆಯುವವರ ಪತ್ರವ್ಯವಹಾರದ ಪಟ್ಟಿಯಲ್ಲಿ ಒಬ್ಬರು ಬರೆದರು. ಈ ಡಬ್ಬಿಯ ಒಳಗಿನ ಫರ್ಮ್‌ವೇರ್ ಬಿಚ್ಚಿ ನೋಡಿದೆ, ಒಳಗೆ ಲಿನಕ್ಸ್ ಇದೆ, ಅದರ ಲೈಸೆನ್ಸಾದ ಜಿಪಿಎಲ್ ಪ್ರಕಾರ ಕೊಡಬೇಕಾದ ಮೂಲ ಕೋಡ್ ಎಲ್ಲೂ ಕಾಣುತ್ತಿಲ್ಲ ಅನ್ನುವುದು ಪತ್ರದ ಸಾರ. ಆ ಪಟ್ಟಿ ಎಂಥದು ಅಂತ ನಿಮಗೆ ಗೊತ್ತು. ಡ್ರೈವರು, ಮೆಮೊರಿ, ಶೆಡ್ಯೂಲರು ಬಿಟ್ಟರೆ ಬೇರೆ ಮಾತಿಗೆ ಅಲ್ಲಿ ಬೆಲೆ ಕಡಿಮೆ. 'ಇದು ಕರ್ನಲ್ ವಿಷಯವಲ್ಲ' ಅಂತ ಅಂದೇ ಮುಚ್ಚಬಹುದಿತ್ತು. ಮುಚ್ಚಲಿಲ್ಲ, ಚರ್ಚೆ ಹಬ್ಬಿತು. ಆ ಹೊತ್ತಿಗೆ ಲಿಂಕ್‌ಸಿಸ್ ಸಿಸ್ಕೊ ಕಂಪನಿಯ ಕೈಗೆ ಬಂದಿತ್ತು. ಚಿಪ್ ಮಾಡಿದವರು ಒಬ್ಬರು, ಫರ್ಮ್‌ವೇರ್ ಕಟ್ಟಿದವರು ಇನ್ನೊಬ್ಬರು, ಡಬ್ಬಿಯ ಮೇಲೆ ಹೆಸರು ಮತ್ತೊಬ್ಬರದು. ಹಾಗಾಗಿ ಕಂಪನಿಯನ್ನು ಕೊಂಡ ಸಿಸ್ಕೊದವರಿಗೇ ತಾವು ಏನನ್ನು ಕೊಂಡೆವು ಅನ್ನುವುದು ಪೂರ್ತಿ ತಿಳಿದಿರಲಿಲ್ಲ. ಅದೇ ವರ್ಷ ಮೂಲ ಕೋಡ್ ಹೊರಗೆ ಬಂತು. ಅದನ್ನು ಹಿಡಿದು 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಯೋಜನೆ ಶುರುವಾಯಿತು. ಆ ಡಬ್ಬಿಯ ಹೆಸರೇ ಆ ಯೋಜನೆಯ ಹೆಸರಿನಲ್ಲಿ ಉಳಿದಿದೆ. ಇವತ್ತು ನೂರಾರು ಬಗೆಯ ರೂಟರುಗಳಲ್ಲಿ ಅದು ಓಡುತ್ತದೆ, ಕಂಪನಿ ಕೈಬಿಟ್ಟ ಹಳೆಯ ಸಾಧನಗಳಿಗೂ ಭದ್ರತೆಯ ಅಪ್‌ಡೇಟ್ ಕೊಡುತ್ತದೆ. ಒಂದು ಲೈಸೆನ್ಸ್ ಪ್ರಶ್ನೆಗೆ ಜಾಗ ಕೊಟ್ಟದ್ದಕ್ಕೆ ತಂತ್ರಜ್ಞಾನಕ್ಕೇ ಸಿಕ್ಕ ಫಲ ಇದು.

— ಒಳ್ಳೆಯ ಉದಾಹರಣೆ, ಒಪ್ಪುತ್ತೇನೆ. ಆದರೆ ಅಲ್ಲೊಂದು ವ್ಯತ್ಯಾಸ ಇದೆ. ಆ ಪಟ್ಟಿಯಲ್ಲಿದ್ದವರು ಆ ಕೋಡಿನ ಮಾಲೀಕರು. ತಮ್ಮ ಕೋಡಿಗೆ ಏನಾಯಿತು ಅಂತ ಅವರು ಕೇಳಿದರು. ಗುರುತು ಪರಿಚಯ ಇಲ್ಲದವನೊಬ್ಬ ಬಂದು, ನಾನು ಹೀಗೆ ಮಾಡಿದರೆ ಸಿಕ್ಕಿಬೀಳುತ್ತೇನೆಯೇ ಅಂತ ಕೇಳುವುದು ಬೇರೆ. ಮಾಲೀಕರೇ ಇಲ್ಲದ ಜಾಗದಲ್ಲಿ ಊಹೆ ಹೇಗೆ ಹಬ್ಬುತ್ತದೆ ಅನ್ನುವುದಕ್ಕೆ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಪ್ರಕರಣ ನೆನಪಿಸಿಕೊಳ್ಳಿ. ಫೇಸ್‌ಬುಕ್ ಅದನ್ನು ಬಿಎಸ್‌ಡಿ ಲೈಸೆನ್ಸಿನ ಜತೆ ಪೇಟೆಂಟ್ ಬಗ್ಗೆ ಇನ್ನೊಂದು ಫೈಲು ಸೇರಿಸಿ ಬಿಟ್ಟಿತ್ತು. ಪೇಟೆಂಟ್ ವಿಷಯದಲ್ಲಿ ಫೇಸ್‌ಬುಕ್ ಮೇಲೆ ದಾವೆ ಹೂಡಿದರೆ, ಅದು ಕೊಟ್ಟ ಪೇಟೆಂಟ್ ಅನುಮತಿ ರದ್ದಾಗುತ್ತದೆ ಅಂತ ಅದರಲ್ಲಿತ್ತು. ಬಿಎಸ್‌ಡಿ ಕೊಟ್ಟ ಕೃತಿಸ್ವಾಮ್ಯದ ಅನುಮತಿ ಹಾಗೇ ಉಳಿಯುತ್ತಿತ್ತು. 2017ರಲ್ಲಿ ಎಲ್ಲೆಡೆ ಹಬ್ಬಿದ್ದು ಏನು? ರಿಯಾಕ್ಟ್ ಬಳಸಿದರೆ ನಿಮ್ಮ ಪೇಟೆಂಟುಗಳೆಲ್ಲ ಫೇಸ್‌ಬುಕ್ ಪಾಲು ಅಂತ. ಆ ಫೈಲನ್ನು ಪೂರ್ತಿ ಓದದವರು ಬರೆದರು, ಅದನ್ನೂ ಓದದವರು ನಂಬಿದರು.

— ಅದೇ ಪ್ರಕರಣವನ್ನು ಕೊನೆಯವರೆಗೂ ಹೇಳಿ. 2017ರ ಜುಲೈನಲ್ಲಿ ಅಪಾಚೆ ಪ್ರತಿಷ್ಠಾನ ಆ ಲೈಸೆನ್ಸನ್ನು ತನ್ನ ಯೋಜನೆಗಳಲ್ಲಿ ಬಳಸಬಾರದವುಗಳ ಪಟ್ಟಿಗೆ ಸೇರಿಸಿತು. ಗಿಟ್‌ಹಬ್‌ನಲ್ಲಿ ಬಹಿರಂಗವಾಗಿಯೇ ಚರ್ಚೆ ನಡೆಯಿತು, ಮುಚ್ಚಿದ ಕೋಣೆಯಲ್ಲಿ ಅಲ್ಲ. ಆಗಸ್ಟ್‌ನಲ್ಲಿ ಫೇಸ್‌ಬುಕ್ ಬದಲಾಯಿಸುವುದಿಲ್ಲ ಅಂದಿತು. ಸೆಪ್ಟೆಂಬರ್‌ನಲ್ಲಿ ವರ್ಡ್‌ಪ್ರೆಸ್ ತಾನು ರಿಯಾಕ್ಟ್ ಬಿಡುವುದಾಗಿ ಹೇಳಿತು. ಅದೇ ತಿಂಗಳು ಫೇಸ್‌ಬುಕ್ ರಿಯಾಕ್ಟನ್ನು ಎಂಐಟಿ ಲೈಸೆನ್ಸಿಗೆ ಬದಲಾಯಿಸಿತು. ಗಾಳಿಮಾತು ಇತ್ತು, ಇಲ್ಲ ಅನ್ನುವುದಿಲ್ಲ. ಅದು ಹುಟ್ಟಿದ್ದು ಎಲ್ಲೆಲ್ಲೋ ಬರೆದ ಬಿಡಿ ಬರಹಗಳಲ್ಲಿ. ಅದನ್ನು ತಿದ್ದಿದ್ದು, ಫೈಲಿನ ಸಾಲು ಸಾಲು ಎತ್ತಿ ತೋರಿಸಿ ವಾದ ಮಾಡಿದ ಜಾಗಗಳಲ್ಲಿ. ನಾವು ಬಾಗಿಲು ಹಾಕಿದರೆ ಉಳಿಯುವುದು ಮೊದಲನೆಯದೇ. ಗಾಳಿಮಾತು ಯಾರ ಅನುಮತಿಗೂ ಕಾಯುವುದಿಲ್ಲವಲ್ಲ.

ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ನೋಡಿ. ಅಲ್ಲಿ ಒಂದು ಪ್ಯಾಕೇಜ್ ಒಳಗೆ ಬರಬೇಕಾದರೆ, ಯಾವ ಫೈಲು ಯಾರದು, ಯಾವ ಲೈಸೆನ್ಸಿನದು ಅಂತ ಬರೆದ ಕಾಪಿರೈಟ್ ಫೈಲು ಇರಲೇಬೇಕು. ಅದು ಸರಿಯಿಲ್ಲದಿದ್ದರೆ ಕೋಡ್ ಎಷ್ಟೇ ಚೆನ್ನಾಗಿರಲಿ, ವಾಪಸ್. ಅನುಮಾನ ಬಂದದ್ದನ್ನು ಚರ್ಚಿಸಲು ಬೇರೆಯೇ ಒಂದು ಪತ್ರವ್ಯವಹಾರದ ಪಟ್ಟಿ ಇದೆ, ಎಲ್ಲರೂ ಓದಬಹುದು. ಡಗ್ಲಸ್ ಕ್ರಾಕ್‌ಫರ್ಡ್ ತಮ್ಮ ಜೇಸನ್ ಕೋಡಿನ ಲೈಸೆನ್ಸಿಗೆ, ಇದನ್ನು ಒಳಿತಿಗೆ ಬಳಸಬೇಕು, ಕೆಡುಕಿಗೆ ಬಳಸಬಾರದು ಅನ್ನುವ ಅರ್ಥದ ಒಂದು ವಾಕ್ಯ ಸೇರಿಸಿದ್ದರು. ಓದಿದವರಿಗೆ ಸದ್ಭಾವನೆ ಅನಿಸುತ್ತದೆ. ಆದರೆ ಕೆಡುಕು ಯಾವುದು ಅಂತ ತೀರ್ಮಾನಿಸುವವರು ಯಾರು? ಬಳಕೆಗೆ ನಿರ್ಬಂಧ ಇದ್ದರೆ ಅದು ಮುಕ್ತ ತಂತ್ರಾಂಶ ಆಗುವುದಿಲ್ಲ ಅಂತ ಡೆಬಿಯನ್ ಅದನ್ನು ಒಪ್ಪಲಿಲ್ಲ, ಅಪಾಚೆ 2016ರಲ್ಲಿ ನಿಷೇಧಿಸಿತು. ಸಾವಿರಾರು ಜಾವಾ ಯೋಜನೆಗಳ ಒಳಗೆ ಸದ್ದಿಲ್ಲದೆ ಕೂತಿದ್ದ ಆ ವಾಕ್ಯವನ್ನು ಹೆಕ್ಕಿ ತೆಗೆದವರು ಪ್ಯಾಕೇಜ್ ಕಟ್ಟುವ ಸ್ವಯಂಸೇವಕರು. ಅವರಿಗೆ ಲೈಸೆನ್ಸ್ ಓದುವುದು ಕಂಪೈಲ್ ಮಾಡಿದಷ್ಟೇ ದಿನನಿತ್ಯದ ಕೆಲಸ.

— ಡೆಬಿಯನ್ ಅದಕ್ಕಾಗಿ ಬೇರೆ ಪಟ್ಟಿ ಇಟ್ಟಿದೆ ಅಂತ ನೀವೇ ಹೇಳಿದಿರಿ. ಸ್ಟ್ಯಾಕ್ ಓವರ್‌ಫ್ಲೋ ಮಾಡಿದ್ದೂ ಅದನ್ನೇ. ಮುಖ್ಯ ತಾಣದಲ್ಲಿ ಲೈಸೆನ್ಸ್ ಪ್ರಶ್ನೆ ಬೇಡ ಅಂದಿತು. 2015ರಲ್ಲಿ ಮುಕ್ತ ತಂತ್ರಾಂಶಕ್ಕೆಂದೇ ಬೇರೆ ತಾಣ ತೆರೆಯಿತು, ಕಾನೂನಿಗೆ ಇನ್ನೊಂದು. ಬಾಗಿಲು ಹಾಕಿಲ್ಲ, ಪಕ್ಕದ ಕೋಣೆ ತೋರಿಸಿದೆ.

— ತೋರಿಸಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಎಷ್ಟೋ ಸಲ ಮುಚ್ಚುವುದು ಆಗುತ್ತದೆ, ದಾರಿ ಹೇಳುವುದು ಆಗುವುದಿಲ್ಲ. ಸ್ಟ್ಯಾಕ್ ಓವರ್‌ಫ್ಲೋ ಹೆಸರು ಎತ್ತಿದಿರಿ, ಅದರದೇ ಪರಿಸ್ಥಿತಿ ನೋಡಿ. ಅಲ್ಲಿ ಬರೆದ ಪ್ರತಿ ಉತ್ತರಕ್ಕೂ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್ಎ ಲೈಸೆನ್ಸ್ ಇದೆ. ಬರೆದವರ ಹೆಸರು ಹೇಳಬೇಕು, ಬದಲಾಯಿಸಿ ಹಂಚಿದರೆ ಅದೇ ಲೈಸೆನ್ಸಿನಲ್ಲಿ ಹಂಚಬೇಕು. 2011ರ ಏಪ್ರಿಲ್‌ಗೆ ಮೊದಲು ಬರೆದದ್ದಕ್ಕೆ ಅದರ ಆವೃತ್ತಿ 2.5, ಅಲ್ಲಿಂದ 2018ರ ಮೇವರೆಗೆ 3.0, ಆಮೇಲೆ 4.0. ಈಗ ಹತ್ತು ಹದಿನೈದು ಸಾಲಿನ ಒಂದು ಫಂಕ್ಷನ್ನನ್ನು ನೀವು ಅಲ್ಲಿಂದ ಎತ್ತಿ ಜಿಪಿಎಲ್ 3ರ ಯೋಜನೆಗೆ ಹಾಕುತ್ತೀರಿ ಅನ್ನಿ. ಉತ್ತರ 2019ರದ್ದಾದರೆ ಸೇರಿಸಬಹುದು, ಯಾಕೆಂದರೆ 4.0ಯಿಂದ ಜಿಪಿಎಲ್ 3ಕ್ಕೆ ಏಕಮುಖ ದಾರಿಯನ್ನು ಕ್ರಿಯೇಟಿವ್ ಕಾಮನ್ಸ್ 2015ರಲ್ಲೇ ತೆರೆದಿದೆ. ಅದೇ ಉತ್ತರ 2013ರದ್ದಾದರೆ ಆ ನೇರ ದಾರಿ ಇಲ್ಲ. ಜಿಪಿಎಲ್ 2ಕ್ಕೆ ಎರಡೂ ಹೊಂದುವುದಿಲ್ಲ. ಕೋಡಿಗೆ ನಮ್ಮ ಲೈಸೆನ್ಸ್ ಬಳಸಬೇಡಿ ಅಂತ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯೇ ಸಲಹೆ ಕೊಡುತ್ತದೆ. ಅಂದರೆ ಆ ತಾಣದಿಂದ ಕಾಪಿ ಮಾಡುವ ಪ್ರತಿಯೊಬ್ಬರ ಎದುರಿಗೂ ಒಂದು ಲೈಸೆನ್ಸ್ ಪ್ರಶ್ನೆ ನಿಂತಿದೆ, ಅದನ್ನು ಹುಟ್ಟಿಸಿದ್ದು ಆ ತಾಣವೇ. 2015ರ ಕೊನೆಯಲ್ಲಿ ಕೋಡನ್ನು ಎಂಐಟಿಗೆ ಬದಲಾಯಿಸುವ ಪ್ರಸ್ತಾಪ ಬಂತು. ಬಳಕೆದಾರರು ವಿರೋಧಿಸಿದರು, ಅದು ಅಲ್ಲಿಗೇ ನಿಂತಿತು. ಬಳಕೆದಾರರು ಆಗ ಅಷ್ಟು ವಿವರವಾಗಿ ವಾದ ಮಾಡಿದರಲ್ಲ, ಲೈಸೆನ್ಸ್ ಅವರಿಗೆ ಹೊರಗಿನ ವಿಷಯವಾಗಿದ್ದರೆ ಅದು ಸಾಧ್ಯವಿತ್ತೇ?

— ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಕೋಡ್ ಕೊಡುವ ಜಾಗದಲ್ಲಿ ಕೋಡಿನ ಷರತ್ತು ಕೇಳಬಾರದು ಅನ್ನುವುದು ನಿಲ್ಲದ ವಾದ. ಆದರೂ ನನ್ನ ಭಯ ಹೋಗಿಲ್ಲ. ನೀವು ಹೇಳಿದ ಎಂಐಟಿ ಉದಾಹರಣೆಯನ್ನೇ ತೆಗೆದುಕೊಳ್ಳಿ. ಸುಲಭ ಅಂದಿರಿ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಗಳ ಸಾಲಿನಲ್ಲಿದೆ. ಹಕ್ಕು ವರ್ಗಾಯಿಸುವಾಗ ಅವಧಿ ಹೇಳದಿದ್ದರೆ ಐದು ವರ್ಷ ಅಂತ ತಿಳಿಯಬೇಕು, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಅಂತ ತಿಳಿಯಬೇಕು ಅನ್ನುತ್ತದೆ 19ನೇ ಸೆಕ್ಷನ್. ಅದನ್ನು ತಕ್ಕ ಮಾರ್ಪಾಡಿನೊಂದಿಗೆ ಲೈಸೆನ್ಸಿಗೂ ಅನ್ವಯಿಸುತ್ತದೆ 30ಎ ಸೆಕ್ಷನ್. ಎಂಐಟಿ ಲೈಸೆನ್ಸಿನ ಪಠ್ಯದಲ್ಲಿ ಅವಧಿಯೂ ಇಲ್ಲ, ಪ್ರದೇಶವೂ ಇಲ್ಲ. ಅಪಾಚೆ 2.0 ಲೈಸೆನ್ಸಿನಲ್ಲಿ ಶಾಶ್ವತ, ಜಗತ್ತಿನಾದ್ಯಂತ ಅಂತ ಬರೆದಿದೆ. ಬೆಂಗಳೂರಿನಲ್ಲಿ ಕೂತು ಎಂಐಟಿ ಕೋಡ್ ಬಳಸುವವನಿಗೆ ಇದರಿಂದ ಏನಾಗುತ್ತದೆ ಅನ್ನುವುದು ವಕೀಲರೇ ಎರಡೂ ಕಡೆ ನಿಂತು ವಾದಿಸಬೇಕಾದ ವಿಷಯ. ನಮ್ಮ ತಾಣಗಳಲ್ಲಿ ಉತ್ತರ ಕೊಡುವವರು ಬಹುಪಾಲು ಅಮೆರಿಕದ ಕಾನೂನನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಾರೆ. ಓದುವವನು ಹುಬ್ಬಳ್ಳಿಯಲ್ಲಿರುತ್ತಾನೆ.

— ಇದು ನನಗೂ ಗಟ್ಟಿ ಅನಿಸುತ್ತದೆ. ಇದನ್ನು ಕೇಳಿದ ಮೇಲೆ, ಅಪಾಚೆ 2.0 ಯಾಕೆ ಅಷ್ಟು ಉದ್ದ ಅನ್ನುವುದಕ್ಕೂ ಒಂದು ಕಾರಣ ಸಿಕ್ಕಿತು. ಆದರೆ ನೋಡಿ, ಈ 30ಎ ವಿಷಯ ನಿಮಗೆ ಗೊತ್ತಿದೆ, ನಾಲ್ಕು ಜನಕ್ಕೆ ಗೊತ್ತಾಗಬೇಕಾದ್ದು ಇದೇ. ಪ್ರಶ್ನೆಯನ್ನೇ ಮುಚ್ಚಿದರೆ ಇದನ್ನು ಎಲ್ಲಿ ಬರೆಯುತ್ತೀರಿ?

ಕನ್ನಡದ ಕೆಲಸದಲ್ಲೇ ಇದು ಎಷ್ಟು ಸಲ ಬರುತ್ತದೆ! ಒಬ್ಬರು ಪುಸ್ತಕ ಮಾಡುತ್ತಾರೆ, ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿದ್ದಾರೆ. ಪುಸ್ತಕ ಮಾರಬಹುದೇ, ಮಾರಿದರೆ ಪುಸ್ತಕವನ್ನೂ ಮುಕ್ತವಾಗಿ ಬಿಡಬೇಕೇ ಅನ್ನುವ ಹೆದರಿಕೆ. ಆ ಫಾಂಟಿನ ಲೈಸೆನ್ಸ್ ಓಪನ್ ಫಾಂಟ್ ಲೈಸೆನ್ಸ್, ಅಂದರೆ ಒಎಫ್ಎಲ್ 1.1. ಫಾಂಟನ್ನು ಅದೊಂದನ್ನೇ ಮಾರಬಾರದು, ತಿದ್ದಿದ ಫಾಂಟನ್ನು ಅದೇ ಲೈಸೆನ್ಸಿನಲ್ಲಿ ಬಿಡಬೇಕು, ಫಾಂಟ್ ಬಳಸಿ ಮಾಡಿದ ದಾಖಲೆಗೆ ಈ ನಿಯಮ ಹತ್ತುವುದಿಲ್ಲ ಅಂತ ಅದರಲ್ಲೇ ಇದೆ. ಪುಸ್ತಕ ಧಾರಾಳವಾಗಿ ಮಾರಬಹುದು. ಜಿಪಿಎಲ್ ಫಾಂಟ್ ಆದರೆ ಮಾತು ಸ್ವಲ್ಪ ಬೇರೆ. ಪಿಡಿಎಫ್ ಒಳಗೆ ಫಾಂಟ್ ಕೂರುತ್ತದೆ, ಹಾಗಾದರೆ ಪಿಡಿಎಫ್‌ಗೂ ಜಿಪಿಎಲ್ ತಗುಲುತ್ತದೆಯೇ ಅನ್ನುವ ಅನುಮಾನ ಬರುತ್ತದೆ. ಅದಕ್ಕೆಂದೇ ಜಿಪಿಎಲ್‌ಗೆ ಫಾಂಟ್ ವಿನಾಯಿತಿ ಅಂತ ಒಂದು ಪ್ಯಾರಾ ಸೇರಿಸುತ್ತಾರೆ. ಆ ಪ್ಯಾರಾ ಇದೆಯೋ ಇಲ್ಲವೋ ಅಂತ ನೋಡಬೇಕು. ಲೋಹಿತ್ ಕನ್ನಡ ಫಾಂಟ್ ಮೊದಲು ಜಿಪಿಎಲ್‌ನಲ್ಲಿತ್ತು, 2011ರಲ್ಲಿ ಒಎಫ್ಎಲ್‌ಗೆ ಬಂತು. ಹಳೆಯ ಪ್ರತಿ ಇಟ್ಟುಕೊಂಡವರು ಯಾವುದರ ಅಡಿಯಲ್ಲಿದ್ದಾರೆ ಅಂತ ಹೇಳಲು ಫಾಂಟ್ ಫೈಲಿನ ಒಳಗಿನ ಮಾಹಿತಿ ತೆರೆದು ನೋಡಬೇಕು. ತೆರೆದು ನೋಡುವುದು ಹೇಗೆ ಅಂತ ವಕೀಲರಿಗೆ ಗೊತ್ತಿರುವುದಿಲ್ಲ, ನಮಗೆ ಗೊತ್ತು. ಸಣ್ಣ ಪ್ರಕಾಶಕರು ಇಷ್ಟಕ್ಕೆ ಫೀಸು ಕೊಟ್ಟು ವಕೀಲರನ್ನು ಹಿಡಿಯಬೇಕೇ? ಹಿಡಿಯುವುದಿಲ್ಲ. ಹೆದರಿ ಒಳ್ಳೆಯ ಮುಕ್ತ ಫಾಂಟನ್ನು ಬಿಡುತ್ತಾರೆ, ಇಲ್ಲವೇ ಎಲ್ಲಿಂದಲೋ ಬಂದ ಕದ್ದ ಫಾಂಟ್ ಹಾಕುತ್ತಾರೆ.

— ಹಾಗಾದರೆ ಕೇಳುವ ರೀತಿಯ ಬಗ್ಗೆ ನಾನು ಬಿಗಿಯಾಗಿರುತ್ತೇನೆ. ಲೈಸೆನ್ಸಿನ ಹೆಸರು ಮತ್ತು ಆವೃತ್ತಿ ಬೇಕು. ಜಿಪಿಎಲ್ ಅಂದರೆ ಸಾಲದು, 2 ಮಾತ್ರವೋ, 2 ಅಥವಾ ಮುಂದಿನದೋ, 3ರದ್ದೋ ಅಂತ ಹೇಳಬೇಕು. ಕೋಡನ್ನು ಹೇಗೆ ಸೇರಿಸಿದ್ದಾರೆ, ತಿದ್ದಿದ್ದಾರೆಯೇ, ಯಾರ ಕೈಗೆ ಕೊಡುತ್ತಾರೆ, ಸರ್ವರ್‌ನಲ್ಲೇ ಓಡಿಸುತ್ತಾರೆಯೇ, ಎಲ್ಲ ಬರೆಯಬೇಕು. ಎಜಿಪಿಎಲ್ ಆದರೆ ಸರ್ವರ್‌ನಲ್ಲಿ ಓಡಿಸಿದರೂ ಪ್ರಶ್ನೆ ಬರುತ್ತದೆ. ದೇಶದ ಹೆಸರಂತೂ ಕಡ್ಡಾಯ.

— ಒಪ್ಪಿದೆ. ಉತ್ತರ ಬರೆಯುವವರಿಗೂ ಒಂದು ಕಟ್ಟು ಹಾಕಿ. ಲೈಸೆನ್ಸಿನ ಯಾವ ಕಲಮಿನ ಯಾವ ಮಾತಿನಿಂದ ಹೀಗೆ ಹೇಳುತ್ತಿದ್ದೇನೆ ಅಂತ ತೋರಿಸಬೇಕು. ತೋರಿಸದ ಉತ್ತರ ತೆಗೆಯಿರಿ, ಅದಕ್ಕೆ ನೂರು ಮತ ಬಿದ್ದಿದ್ದರೂ ತೆಗೆಯಿರಿ. ಆಗ ನೀವು ಮೊದಲು ಹೇಳಿದ ತೊಂದರೆ, ಓಡಿಸಿ ನೋಡಲು ಏನೂ ಇಲ್ಲ ಅನ್ನುವುದು, ಪೂರ್ತಿ ಹೋಗದಿದ್ದರೂ ಅರ್ಧ ಹೋಗುತ್ತದೆ. ಓದಿ ನೋಡಲು ಪಠ್ಯವಾದರೂ ಇರುತ್ತದೆ.

— 'ನನ್ನ ಮೇಲೆ ಕೇಸು ಹಾಕುತ್ತಾರೆಯೇ', 'ನನಗೆ ನೋಟಿಸ್ ಬಂದಿದೆ, ಏನು ಉತ್ತರ ಕೊಡಲಿ' ಅನ್ನುವವುಗಳನ್ನು ಮಾತ್ರ ನಾನು ಈಗಲೂ ಮುಚ್ಚುತ್ತೇನೆ. ನೋಟಿಸ್ ಬಂದವನು ಅಲ್ಲಿ ಬರೆದ ಒಂದೊಂದು ಸಾಲೂ ನಾಳೆ ಎದುರು ಪಕ್ಷದ ಕೈಗೆ ಸಿಗುತ್ತದೆ.

— ಮುಚ್ಚಿ. ಮುಚ್ಚುವಾಗ ಅವನು ಬರೆದದ್ದನ್ನು ಅಳಿಸಿಕೊಳ್ಳಲು ಹೇಳಿ, ಯಾವ ಥರದ ವಕೀಲರನ್ನು ನೋಡಬೇಕು, ಯಾವ ಕಾಗದಗಳನ್ನು ಜತೆಗೆ ಒಯ್ಯಬೇಕು ಅಂತ ಎರಡು ಸಾಲು ಬರೆಯಿರಿ. ಕಮಿಟ್‌ಗಳ ಇತಿಹಾಸ, ಕೋಡ್ ಎಲ್ಲಿಂದ ಬಂತು ಅನ್ನುವ ವಿವರ, ಲೈಸೆನ್ಸ್ ಫೈಲಿನ ಅಂದಿನ ಪ್ರತಿ. ಇವಿಷ್ಟು ಬೇಕಾಗುತ್ತದೆ ಅಂತ ಅವನಿಗೆ ಹೊಳೆದಿರುವುದಿಲ್ಲ.

— ಎರಡು ಸಾಲು ಸಾಲದು, ಒಂದು ಪುಟವೇ ಬೇಕು. ಅದನ್ನು ನಾನು ಬರೆಯುತ್ತೇನೆ, ಫಾಂಟಿನದ್ದು ನೀವು ಬರೆದುಕೊಡಿ.